ಎರಡು ಪೈಸೆಯ ಲೆಕ್ಕ: ಕುಂಚಾವರಂ ತಾಂಡಾದಲ್ಲಿ ನಿಂತು ಕುದ್ಮುಲ್ ರಂಗರಾಯರನ್ನು ನೆನೆದಾಗ

ನಾವು ಆರೇಳು ಮಂದಿ ಗೆಳೆಯರು ಕುಂಚಾವರಂ ಸುತ್ತಲಿನ ತಾಂಡಾಗಳಿಗೆ ಹೋಗ್ತೀವಿ. ಸಂಘ ಅಂತ ಏನಿಲ್ಲ, ಬ್ಯಾನರ್ ಇಲ್ಲ. ಐದಾರು ವರ್ಷದೊಳಗಿನ ಮಕ್ಕಳಿರೋ ಮನೆಗಳಿಗೆ ಕೈಲಾದ ಸಹಾಯ ಮಾಡೋಣ ಅಂತ ಶುರುವಾದ ಕೆಲಸ ಇದು. ಚಿಂಚೋಳಿ ತಾಲೂಕಿನ ಈ ಭಾಗ ಗೊತ್ತಿಲ್ಲದವರಿಗೆ ಹೇಳ್ತೀನಿ: ಒಂದು ಕಡೆ ಕಾಡು, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರೂ ಕಿವಿಗೆ ಬೀಳ್ತಾವ. ತೊಗರಿ ರಾಶಿ ಮುಗಿದರೆ ಕೂಲಿ ಇಲ್ಲ. ಆಗ ಗಂಡ, ಹೆಂಡತಿ, ಮೊಲೆಕೂಸು ಎಲ್ಲರೂ ಹೈದರಾಬಾದಿಗೋ ಪುಣೆಗೋ ಮುಂಬೈಗೋ ಹೊಂಟುಬಿಡ್ತಾರ.

ಮೊದಮೊದಲು ನಾವು ಮಾಡಿದ ದೊಡ್ಡ ಕೆಲಸ ಅಂದ್ರೆ ತಾಯಂದಿರಿಗೆ ಮಕ್ಕಳ ಪೌಷ್ಟಿಕ ಆಹಾರದ ಬಗ್ಗೆ ತಿಳಿವಳಿಕೆ ಕೊಡೋದು. ಚಾರ್ಟ್ ಬರೆದೆವು, ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪಿನ ಚಿತ್ರ ಅಂಟಿಸಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಬರ್ರಿ ಅಂತ ಮನೆಮನೆಗೆ ಹೇಳಿ ಬಂದೆವು. ಬಂದವರು ನಾಲ್ಕೇ ಮಂದಿ. ಅದರಲ್ಲಿ ಇಬ್ಬರು ಮುದುಕಿಯರು. ಸಂಜೆ ಹೊಲದಿಂದ ವಾಪಸ್ ಬರ್ತಿದ್ದ ಒಬ್ಬ ತಾಯಿಯನ್ನು ಯಾಕವ್ವ ಬರಲಿಲ್ಲ ಅಂತ ಕೇಳಿದೆ. ಬಂದಿದ್ರೆ ಇವತ್ತಿನ ಕೂಲಿ ನೀವು ಕೊಡ್ತಿದ್ರೇನು ಅಂತ ಆಕೆ ವಾಪಸ್ ಕೇಳಿದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ, ಲೆಕ್ಕ ಕೇಳೋ ಥರ. ಆಕೆಯ ಹಿಂದೆ ಏಳೆಂಟು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ನಿಂತಿತ್ತು. ಅವ್ವ ಹೊಲದಲ್ಲಿರೋವಾಗ ಕೂಸು ನೋಡಿಕೊಳ್ಳೋದು ಆ ಹುಡುಗಿಯ ಕೆಲಸ. ಹೀಗಾಗಿ ಸಾಲಿ ಇಲ್ಲ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಕಡೆಯ ಯಾರೂ ಅಲ್ಲ, ಕರಾವಳಿಯ ಕುದ್ಮುಲ್ ರಂಗರಾವ್. ಈ ತಾಯಿ ಕೇಳಿದ ಪ್ರಶ್ನೆಯನ್ನು ಆ ಮನುಷ್ಯ ಸುಮಾರು ನೂರಾ ಮೂವತ್ತು ವರ್ಷದ ಹಿಂದೆಯೇ ಕೇಳಿಸಿಕೊಂಡಿದ್ದರು. ಅದಕ್ಕೆ ಉತ್ತರವಾಗಿ ಭಾಷಣ ಮಾಡಲಿಲ್ಲ, ಕೂಲಿ ಕೊಟ್ಟರು. ಅದಕ್ಕೇ ಅವರ ಬದುಕನ್ನು ಇಲ್ಲಿಂದ, ಕುಂಚಾವರಂ ಕಡೆಯಿಂದ, ಇನ್ನೊಮ್ಮೆ ಹೇಳಬೇಕು ಅನ್ನಿಸಿತು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು ಸಣ್ಣ ಸಂಬಳದ ಮೇಷ್ಟ್ರಾದರು. ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ, ಕೋರ್ಟಿನಲ್ಲಿ ವಕೀಲಿಕೆಗೆ ನಿಂತರು. ಬಡವರ ವಕೀಲರೆಂಬ ಹೆಸರು ಬಂತು. ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯ ವಕೀಲರೊಬ್ಬರ ಕಥೆಯಾಗಿರ್ತಿತ್ತು, ನಾವ್ಯಾರೂ ಓದುತ್ತಿರಲಿಲ್ಲ.

ಆ ಕಾಲದ ಮಂಗಳೂರಲ್ಲಿ ಬ್ರಹ್ಮಸಮಾಜದ ಗಾಳಿ ಬೀಸುತ್ತಿತ್ತು. ಆ ಗಾಳಿಯನ್ನು ಊರಿಗೆ ಕರೆತಂದವರಲ್ಲಿ ಮೊದಲಿಗರು ಬಿಲ್ಲವ ಸಮುದಾಯದ ಮುಂದಾಳು ಅರಸಪ್ಪ. ದೇವಸ್ಥಾನದ ಬಾಗಿಲು ತಮ್ಮವರಿಗೆ ಮುಚ್ಚಿದೆ, ಹಾಗಾದರೆ ಬೇರೆ ದಾರಿ ಹುಡುಕೋಣ ಅಂತ ಅವರು ಕಲ್ಕತ್ತೆಯ ಬ್ರಹ್ಮಸಮಾಜಕ್ಕೆ ಕರೆ ಕಳಿಸಿದರು. 1870ರಲ್ಲಿ ಪ್ರಚಾರಕರು ಬಂದರು. ಊರಿನ ಓದಿದ ಸಾರಸ್ವತರಿಗೂ ಆ ವಿಚಾರ ಹಿಡಿಸಿತು. ಆದರೆ ಬಿಲ್ಲವರ ಜೊತೆ ಒಂದೇ ಚಾಪೆಯ ಮೇಲೆ ಕೂರೋದು ಹಿಡಿಸಲಿಲ್ಲ. ಹಾಗಾಗಿ ತಮ್ಮದೇ ಬೇರೆ ಉಪಾಸನಾ ಸಭೆ ಮಾಡಿಕೊಂಡರು. ಜಾತಿ ಇಲ್ಲ ಅನ್ನೋ ಧರ್ಮಕ್ಕೆ ಜಾತಿವಾರು ಶಾಖೆ! ಇವತ್ತಿನ ನಮ್ಮ ಎಷ್ಟೋ ಪ್ರಗತಿಪರ ವಾಟ್ಸಾಪ್ ಗುಂಪುಗಳನ್ನು ನೋಡಿದಾಗ ನನಗೆ ಇದು ನೆನಪಾಗುತ್ತೆ, ಇರಲಿ. ರಂಗರಾಯರು ಬ್ರಹ್ಮಸಮಾಜ ಸೇರಿದ್ದು ಇದಾದ ಕೆಲವು ವರ್ಷಗಳ ಮೇಲೆ. ಅವರು ಮಾತ್ರ ಅದನ್ನು ಪ್ರಾರ್ಥನೆಯ ಕೋಣೆಯಲ್ಲಿ ಬಿಟ್ಟು ಬರಲಿಲ್ಲ.

ಅವರು ತಿರುಗಿದ್ದು ಅಸ್ಪೃಶ್ಯರ ಕೇರಿಗಳ ಕಡೆಗೆ. ಕರಾವಳಿಯ ದಲಿತರ ಸ್ಥಿತಿ ಏನಿತ್ತು ಅನ್ನೋದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು, ಇಲ್ಲದಿದ್ದರೆ ಎರಡು ಪೈಸೆಯ ಬೆಲೆ ಅರ್ಥವಾಗಲ್ಲ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿದ್ದು 1843ರ ಕಾಯ್ದೆ. ಕಾಗದದ ಮೇಲೆ ಅಷ್ಟೇ. ದಕ್ಷಿಣ ಕೆನರಾದ ಗದ್ದೆ ತೋಟಗಳಲ್ಲಿ ಭೂಮಾಲೀಕನ ಮನೆಗೆ ಕಟ್ಟುಬಿದ್ದು ತಲೆಮಾರುಗಟ್ಟಲೆ ದುಡಿಯುವ ಕುಟುಂಬಗಳು ಹಾಗೇ ಇದ್ದವು. ಸಾಲ, ಭತ್ತದ ಕೂಲಿ, ಒಡೆಯನ ಜಾಗದಲ್ಲೇ ಗುಡಿಸಲು. ಎದುರು ಮಾತಾಡಿದರೆ ಗುಡಿಸಲೂ ಹೋಯಿತು. ಅಂಥ ಮನೆಯಲ್ಲಿ ಐದಾರು ವರ್ಷ ತುಂಬಿದ ಮಗು ಅಂದ್ರೆ ಕೆಲಸಗಾರ. ದನ ಕಾಯಬೇಕು, ಗದ್ದೆಗೆ ಸೊಪ್ಪು ಹೊರಬೇಕು, ಅದಕ್ಕೂ ಚಿಕ್ಕ ಕೂಸನ್ನು ಆಡಿಸಬೇಕು. ಆ ಮಗುವನ್ನು ಶಾಲೆಗೆ ಕಳಿಸಿ ಅನ್ನೋದು, ಮನೆಯ ಒಂದು ಜೊತೆ ಕೈಗಳನ್ನು ಪುಕ್ಕಟೆ ಕೊಡಿ ಅಂದ ಹಾಗೆ.

ರಂಗರಾಯರ ಕಣ್ಣು ತೆರೆಸಿದ ಘಟನೆಯೆಂದು ಮಂಗಳೂರಿನಲ್ಲಿ ಇಂದಿಗೂ ಹೇಳುವ ಹೆಸರು ಬೆಂದೂರು ಬಾಬು. ಅಕ್ಷರ ಕಲಿತ ದಲಿತ ಯುವಕ, ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು, ಆದರೆ ಜೊತೆಯಲ್ಲಿ ಕೆಲಸ ಮಾಡೋ ಮೇಲ್ಜಾತಿಯವರು ಅವನನ್ನು ಅಲ್ಲಿ ಸಹಿಸಲಿಲ್ಲ. ರಂಗರಾಯರು ದಿನವೂ ಓಡಾಡುವ ಕೋರ್ಟದು. ನ್ಯಾಯ ಕೇಳೋ ಜಾಗದಲ್ಲೇ ಹೀಗಾದರೆ ಹೊರಗೆ ಹೇಗಿರಬೇಡ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ಶುರು ಮಾಡಿದರು. ಪಾಠ ಹೇಳಲು ಹಿಂದೂ ಮೇಷ್ಟ್ರುಗಳು ಬರಲಿಲ್ಲ, ಕ್ರಿಶ್ಚಿಯನ್ ಶಿಕ್ಷಕರು ಬಂದರು. ವಿರೋಧ ಜೋರಾಯಿತು, ಶಾಲೆ ಜಾಗ ಬದಲಿಸಬೇಕಾಯಿತು. ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಅಂದ್ರೆ ಬರೀ ಊಟಕ್ಕೆ ಕರೆಯದಿರೋದಲ್ಲ. ಮದುವೆ, ಸಾವು, ಹಬ್ಬ ಯಾವುದಕ್ಕೂ ಜನ ಇಲ್ಲ. ಇದರ ಹೊರೆ ಹೆಚ್ಚು ಬೀಳೋದು ಮನೆಯೊಳಗಿರೋ ಹೆಂಗಸರ ಮೇಲೆ. ರಂಗರಾಯರ ಬಗ್ಗೆ ಬರೆಯುವಾಗ ನಾವೆಲ್ಲ ಅವರ ಧೈರ್ಯವನ್ನು ಹೊಗಳ್ತೀವಿ. ಕೋರ್ಟಿಗೆ ಹೋಗಿ ಬರಲು ಒಂದು ಹೊರಗಿನ ಲೋಕವೂ ಇಲ್ಲದ ಅವರ ಹೆಂಡತಿಯ ಧೈರ್ಯಕ್ಕೆ ಒಂದು ಸಾಲೂ ಸಿಗಲ್ಲ.

ಶಾಲೆ ತೆರೆದರೂ ಮಕ್ಕಳು ಬರೋದು ಕಷ್ಟವಾಯಿತು. ಇಲ್ಲಿಯೇ ನನಗೆ ರಂಗರಾಯರು ಉಳಿದ ಸುಧಾರಕರಿಗಿಂತ ಬೇರೆಯಾಗಿ ಕಾಣ್ತಾರೆ. ಈ ಜನಕ್ಕೆ ಶಿಕ್ಷಣದ ಮಹತ್ವ ಗೊತ್ತಿಲ್ಲ ಅಂತ ಅವರು ಹೇಳಿಕೊಂಡು ತಿರುಗಬಹುದಿತ್ತು. ಇವತ್ತಿಗೂ ಅಧಿಕಾರಿಗಳು, ಎನ್‌ಜಿಒಗಳು, ನಾವೂ ಸೇರಿ ಹೇಳೋದು ಅದನ್ನೇ. ಅವರು ಮಾತ್ರ ಲೆಕ್ಕ ಹಾಕಿದರು. ಮಗು ಶಾಲೆಗೆ ಬಂದರೆ ಮನೆಗೆ ಏನು ನಷ್ಟ? ಆ ನಷ್ಟಕ್ಕೆ ಬದಲಾಗಿ ಮಗು ಶಾಲೆಗೆ ಬಂದ ದಿನಕ್ಕೆ ಎರಡು ಪೈಸೆಯಂತೆ ತಂದೆತಾಯಿಗೆ ಕೊಡತೊಡಗಿದರು. ಜೊತೆಗೆ ಮಕ್ಕಳಿಗೆ ಮಧ್ಯಾಹ್ನದ ಊಟ.

ಎರಡು ಪೈಸೆ ಅಂದರೆ ನಗಬೇಡಿ. ಆಗ ಒಂದು ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದ್ರೆ ರೂಪಾಯಿಗೆ 64 ಪೈಸೆ. ದಿನಕ್ಕೆ ಎರಡರಂತೆ ತಿಂಗಳಿಗೆ 25 ದಿನ ಬಂದರೆ 50 ಪೈಸೆ, ಹನ್ನೆರಡೂವರೆ ಆಣೆ. ಎರಡು ಮಕ್ಕಳು ಬಂದರೆ ಒಂದೂವರೆ ರೂಪಾಯಿಗೂ ಮೇಲೆ. ಭತ್ತದಲ್ಲೇ ಕೂಲಿ ಪಡೆಯುತ್ತಿದ್ದ ಮನೆಗೆ ಕೈಯಲ್ಲಿ ಹಿಡಿಯೋ ನಗದು. ಅದರ ಜೊತೆ ಒಂದು ಹೊತ್ತು ಮಗುವಿನ ಊಟವೂ ಮನೆಯ ಮಡಕೆಯಿಂದ ಹೋಗಲಿಲ್ಲ.

ಮದ್ರಾಸ್ ನಗರಪಾಲಿಕೆ ತನ್ನ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಕೊಡಲು ಶುರು ಮಾಡಿದ್ದು 1920ರಲ್ಲಿ. ನಮ್ಮ ಕಲಬುರಗಿ ಭಾಗದ ಸರ್ಕಾರಿ ಶಾಲೆಗಳಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು 2002ರಲ್ಲಿ, ಅದೂ ರಾಜ್ಯದಲ್ಲೇ ಮೊದಲು ಈ ಹಿಂದುಳಿದ ಜಿಲ್ಲೆಗಳಿಗೆ. ಇನ್ನು ಶಾಲೆಗೆ ಬಂದ ದಿನದ ಲೆಕ್ಕದಲ್ಲಿ ತಾಯ್ತಂದೆಗೆ ಹಣ ಕೊಡೋ ಪದ್ಧತಿಗೆ ಇವತ್ತು ಅರ್ಥಶಾಸ್ತ್ರಜ್ಞರು ಷರತ್ತುಬದ್ಧ ನಗದು ವರ್ಗಾವಣೆ ಅಂತ ಹೆಸರಿಟ್ಟಿದ್ದಾರೆ. ಬ್ರೆಜಿಲ್, ಮೆಕ್ಸಿಕೊ ದೇಶಗಳ ಉದಾಹರಣೆ ಕೊಟ್ಟು ಅದನ್ನು ನಮಗೆ ಪಾಠ ಮಾಡ್ತಾರೆ. ಮಂಗಳೂರಿನ ಉದಾಹರಣೆ ಕೊಟ್ಟವರನ್ನು ನಾನು ನೋಡಿಲ್ಲ.

1897ರಲ್ಲಿ ಈ ಕೆಲಸಕ್ಕೆಲ್ಲ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಕೊಟ್ಟರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಇದೇ ಹೆಸರಿನ ಸಂಸ್ಥೆಯನ್ನು ಮುಂಬೈಯಲ್ಲಿ ಕಟ್ಟಿದ್ದು 1906ರಲ್ಲಿ, ಒಂಬತ್ತು ವರ್ಷ ತಡವಾಗಿ. ಮಂಗಳೂರಿನ ಮಿಷನ್ ಕೋರ್ಟ್ ಗುಡ್ಡದ ಶೇಡಿಗುಡ್ಡೆಯಲ್ಲಿ ನೆಲೆ ಮಾಡಿಕೊಂಡು, ಸುತ್ತಲಿನ ಊರುಗಳಲ್ಲಿ ಒಂದೊಂದೇ ಶಾಲೆ ತೆರೆಯುತ್ತ ಹೋಯಿತು. ಹುಡುಗರಿಗೆ ಹಾಸ್ಟೆಲ್ ಆಯಿತು. ನೇಯ್ಗೆ, ಬಡಗಿ ಕೆಲಸ ಕಲಿಸುವ ವ್ಯವಸ್ಥೆ ಆಯಿತು. ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯ ಆಯಿತು.

ಇದೆಲ್ಲಕ್ಕಿಂತ ಗಟ್ಟಿ ಕೆಲಸ ಮನೆ ಜಾಗದ್ದು. ಒಡೆಯನ ಜಾಗದಲ್ಲಿರೋ ಗುಡಿಸಲಿನ ಮಗು ಒಡೆಯನ ಮಾತು ಮೀರಿ ಶಾಲೆಗೆ ಹೋಗೋಕೆ ಆಗಲ್ಲ ಅನ್ನೋದು ರಂಗರಾಯರಿಗೆ ಅರ್ಥವಾಗಿತ್ತು. ಅದಕ್ಕೇ ಸರ್ಕಾರದಿಂದ ಜಮೀನು ಪಡೆದು ದಲಿತ ಕುಟುಂಬಗಳಿಗೆ ಹಂಚಿದರು, ಕಾಲೊನಿ ಮಾಡಿದರು. ಮಗುವಿನ ಶಾಲೆ, ಮನೆಯ ನೆಲ, ತಾಯಿಯ ಕೂಲಿ ಇವು ಮೂರನ್ನೂ ಅವರು ಬಿಡಿಬಿಡಿಯಾಗಿ ನೋಡಲಿಲ್ಲ. ಈಗ ಇವು ಮೂರೂ ಬೇರೆಬೇರೆ ಇಲಾಖೆಗಳಾಗಿವೆ. ನಮ್ಮ ತಾಂಡಾದ ತಾಯಿ ಮೂರೂ ಕಡೆ ಬೇರೆಬೇರೆ ಜೆರಾಕ್ಸ್ ಕೊಡಬೇಕು.

ಮನೆಯೊಳಗೂ ಅವರು ಜಾತಿ ಮುರಿದರು. ಮಗಳು ರಾಧಾಬಾಯಿಯನ್ನು ಮದ್ರಾಸಿನಲ್ಲಿ ಓದಿಸಿದರು. ಆಕೆ ಆಕ್ಸ್‌ಫರ್ಡ್‌ಗೂ ಹೋಗಿ ಬಂದರು. 1912ರಲ್ಲಿ ಸೇಲಂ ಕಡೆಯ ಗೌಂಡರ್ ಜಮೀನ್ದಾರ ಪಿ. ಸುಬ್ಬರಾಯನ್ ಜೊತೆ ಮದುವೆಯಾಯಿತು. ಸಾರಸ್ವತ ಬ್ರಾಹ್ಮಣ ಹುಡುಗಿ, ಗೌಂಡರ್ ಹುಡುಗ. ಆ ಕಾಲಕ್ಕೆ ಊರು ಬಾಯಿ ಮೇಲೆ ಬೆರಳಿಟ್ಟುಕೊಳ್ಳೋ ಸಂಗತಿ. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಲಂಡನ್ನಿಗೆ ಹೋದರು. ಮೊಮ್ಮಕ್ಕಳಲ್ಲಿ ಪಿ.ಪಿ. ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು, ಮೋಹನ್ ಕುಮಾರಮಂಗಲಂ ಕಮ್ಯುನಿಸ್ಟರಾಗಿದ್ದು ಆಮೇಲೆ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿಯಾದರು, ಪಾರ್ವತಿ ಕೃಷ್ಣನ್ ಸಿಪಿಐ ಸಂಸದೆಯಾದರು.

ಈಗ ನಮ್ಮ ಗುಂಪಿನಲ್ಲಿ ಎದ್ದ ಜಗಳಕ್ಕೆ ಬರ್ತೀನಿ. ನಮ್ಮಲ್ಲಿ ಒಬ್ಬ ಗೆಳೆಯ, ದಲಿತ ವಿದ್ಯಾರ್ಥಿ ಚಳವಳಿಯಿಂದ ಬಂದವನು, ರಂಗರಾಯರ ಹೆಸರಿನ ಮುಂದೆ ಹಚ್ಚೋ ದಲಿತೋದ್ಧಾರಕ ಅನ್ನೋ ಪದವನ್ನೇ ಒಪ್ಪಲ್ಲ. ಬ್ರಾಹ್ಮಣರೊಬ್ಬರು ಬಂದು ಎತ್ತಿದರು, ಇವರು ಎದ್ದರು ಅನ್ನೋ ಕಥೆಯಲ್ಲಿ ಎದ್ದವರಿಗೆ ಹೆಸರೇ ಇರಲ್ಲ ಅನ್ನೋದು ಅವನ ತಕರಾರು. ಬ್ರಿಟಿಷ್ ಸರ್ಕಾರ ಕೊಟ್ಟ ರಾವ್ ಸಾಹೇಬ್ ಬಿರುದು ತಗೊಂಡ ಮನುಷ್ಯ, ಕೈಕಸುಬು ಕಲಿಸಿ ಅಲ್ಲೇ ನಿಲ್ಲಿಸಿದರು ಅನ್ನೋದೂ ಅವನ ಆರೋಪದಲ್ಲಿದೆ.

ಉದ್ಧಾರಕ ಪದದ ಬಗ್ಗೆ ನನಗೂ ಅದೇ ಕಿರಿಕಿರಿ ಇದೆ. ಊರೇ ಎದುರು ನಿಂತಾಗ, ಒಡೆಯ ಕೂಲಿ ಕಿತ್ತುಕೊಳ್ಳಬಹುದು ಅಂತ ಗೊತ್ತಿದ್ದೂ ಮಗುವನ್ನು ಕೈಹಿಡಿದು ಶಾಲೆಗೆ ಬಿಟ್ಟು ಬಂದ ತಾಯಂದಿರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದರೆ ಕೈಕಸುಬಿಗೆ ನಿಲ್ಲಿಸಿದರು ಅನ್ನೋದನ್ನು ನಾನು ಒಪ್ಪಲ್ಲ. ಜಿಲ್ಲಾ ಬೋರ್ಡಿನಲ್ಲಿ, ಮುನಿಸಿಪಾಲಿಟಿಯಲ್ಲಿ ದಲಿತರ ಪರವಾಗಿ ತಾವೇ ಕೂತು ಮಾತಾಡೋಕೆ ರಂಗರಾಯರಿಗೆ ಏನೂ ಅಡ್ಡಿ ಇರಲಿಲ್ಲ. ಬಹಳಷ್ಟು ಹಿತೈಷಿಗಳು ಮಾಡೋದು ಅದನ್ನೇ. ಅವರು ಆ ಕುರ್ಚಿಗಳಿಗಾಗಿ ಹೋರಾಡಿದ್ದು ದಲಿತರಿಗೆ. ಅಂಗಾರ ಮಾಸ್ಟರ್, ಗೋವಿಂದ ಮಾಸ್ಟರ್ ಹಾಗೆ ಆ ಸಭೆಗಳಲ್ಲಿ ಕೂತವರು. ಇಬ್ಬರ ಹೆಸರಿನ ಕೊನೆಯಲ್ಲೂ ಮಾಸ್ಟರ್ ಇದೆ ಅನ್ನೋದನ್ನು ಗಮನಿಸಿ. ದಲಿತ ಮಕ್ಕಳಿಗೆ ಪಾಠ ಹೇಳಲು ಮೇಷ್ಟ್ರೇ ಸಿಗದ ಊರಲ್ಲಿ ದಲಿತರೇ ಮೇಷ್ಟ್ರಾಗಿದ್ದರು. ಗೆಳೆಯ ಇದನ್ನು ಅರ್ಧ ಒಪ್ಪಿದ್ದಾನೆ. ಬಿರುದಿನ ವಿಷಯದಲ್ಲಿ ಜಗಳ ಇನ್ನೂ ನಡೆದಿದೆ.

ಕೊನೆಯ ವರ್ಷಗಳಲ್ಲಿ ರಂಗರಾಯರ ಆರೋಗ್ಯ ಕೆಟ್ಟಿತು. ಗೋಖಲೆಯವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಮಿಷನ್ನಿನ ಜವಾಬ್ದಾರಿ ವಹಿಸಿಕೊಂಡಿತು. ಅವರು ಸಂನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಹೆಣವನ್ನು ದಲಿತರೇ ಹೊರಬೇಕು ಅನ್ನೋದು ಅವರ ಇಚ್ಛೆಯಾಗಿತ್ತು, ಹಾಗೇ ಆಯಿತು. ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಆರು ವರ್ಷದ ಮೇಲೆ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಪ್ರವಾಸದಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರ ಕೆಲಸವನ್ನು ಗೌರವದಿಂದ ನೆನೆದರು. ಊರಿನ ಪುರಭವನಕ್ಕೆ ಈಗ ಅವರದೇ ಹೆಸರು.

ಪ್ರತಿ ವರ್ಷ ಜೂನ್ 29 ಬಂದರೆ ಸೋಷಿಯಲ್ ಮೀಡಿಯಾದಲ್ಲಿ ಆ ಸಮಾಧಿಯ ಫೋಟೊ ಓಡಾಡುತ್ತೆ. ಓದಿ ನೌಕರಿ ಹಿಡಿದ ದಲಿತ ಹುಡುಗನ ಕಾರು ತನ್ನೂರ ರಸ್ತೆಯಲ್ಲಿ ಓಡಾಡಬೇಕು, ಅದು ಎಬ್ಬಿಸಿದ ಧೂಳು ತನಗೆ ತಾಗಬೇಕು ಅನ್ನೋ ಅವರ ಆಸೆಯನ್ನು ಎಲ್ಲರೂ ಹಂಚಿಕೊಳ್ತಾರೆ. ಒಳ್ಳೆಯದೇ. ಆದರೆ ಧೂಳಿನ ಮಾತು ಹಂಚಿಕೊಳ್ಳೋದಕ್ಕೆ ಖರ್ಚಿಲ್ಲ, ಎರಡು ಪೈಸೆಗೆ ಖರ್ಚಿದೆ. ಖರೇ ಹೇಳಬೇಕಂದ್ರೆ ನಾನೂ ಹತ್ತು ಸಲ ಆ ಫೋಟೊ ಹಾಕಿದವನೇ.

ಕುಂಚಾವರಂಗೆ ವಾಪಸ್ ಬರೋಣ. ಇಲ್ಲಿ ಎರಡು ಪೈಸೆ ಅಂದರೆ ಎಷ್ಟು? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಬ್ಬ ತಾಯಿಯನ್ನು ಅರ್ಧ ದಿನ ನಮ್ಮ ಸಭೆಗೆ ಕೂರಿಸಿಕೊಂಡರೆ ಆಕೆಯ ಜೇಬಿನಿಂದ ನಾವು 185 ರೂಪಾಯಿ ತೆಗೆದ ಹಾಗೆ. ಹತ್ತು ಮಂದಿ ಬಂದರೆ 1,850. ಆ ದುಡ್ಡಿಗೆ ಎಷ್ಟು ಮೊಟ್ಟೆ ಬರ್ತಾವ ಅಂತ ಲೆಕ್ಕ ಹಾಕಿದ ಮೇಲೆ ನಾವು ಚಾರ್ಟ್ ಮಡಚಿಟ್ಟೆವು.

ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಕೂಸಿನ ಮನೆ ಅಂತ ಒಂದು ಯೋಜನೆ ತಂದಿತು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳನ್ನು ಹಗಲಲ್ಲಿ ನೋಡಿಕೊಳ್ಳಲು 4,000 ಗ್ರಾಮ ಪಂಚಾಯಿತಿಗಳಲ್ಲಿ ಕೇಂದ್ರ. ನನ್ನ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಬಂದ ಯೋಜನೆಗಳಲ್ಲಿ ರಂಗರಾಯರ ಲೆಕ್ಕಕ್ಕೆ ಅತಿ ಹತ್ತಿರವಾದದ್ದು ಇದು. ಕೂಸನ್ನು ಹೊರೋ ಕೆಲಸ ಅಕ್ಕನ ಸೊಂಟದಿಂದ ಇಳಿದರೆ ಆ ಅಕ್ಕ ಶಾಲೆಗೆ ಹೋಗ್ತಾಳೆ. ಒಂದು ಕೇಂದ್ರ, ಎರಡು ಮಕ್ಕಳು, ಒಬ್ಬ ತಾಯಿಯ ಕೂಲಿ. ಆದರೆ ಪಂಚಾಯಿತಿಗೊಂದು ಅಂದರೆ ಊರಿಗೊಂದು, ತಾಂಡಾ ಇರೋದು ಊರಿಂದ ದೂರ. ಕೂಲಿಗೆ ಹೊಂಟ ತಾಯಿ ಮೊದಲು ಅಷ್ಟು ದೂರ ನಡೆದು ಕೂಸು ಬಿಟ್ಟು ಬರಬೇಕು ಅಂದ್ರೆ ಬಿಡಲ್ಲ, ದೊಡ್ಡ ಮಗಳ ಕೈಗೇ ಕೊಡ್ತಾಳೆ. ಅರ್ಜಿ, ಮನವಿ, ಗ್ರಾಮಸಭೆ ಎಲ್ಲ ಈ ದೂರದ ವಿಷಯಕ್ಕೇ ಆಗಬೇಕಿದೆ. ಸ್ವಯಂಸೇವಕರು ನಾಲ್ಕು ಭಾನುವಾರ ಬಂದು ಹೋಗೋದರಿಂದ ಅದು ಬಗೆಹರಿಯಲ್ಲ.

ಅಲ್ಲಿವರೆಗೆ ಏನು ಮಾಡಬೇಕು ಅಂತ ಈ ಸಲ ನಾವು ಕೇಳಿದೆವು, ಹೇಳಲಿಲ್ಲ. ಮೊದಲ ದಿನ ಲೆಕ್ಕ ಕೇಳಿದ ಅದೇ ತಾಯಿ ಬಂದಳು, ಜೊತೆಗೆ ಇನ್ನೂ ಐದು ಮಂದಿ. ಅವರಿಗೆ ಬೇಕಾಗಿದ್ದು ಪೌಷ್ಟಿಕಾಂಶದ ಪಾಠ ಅಲ್ಲ. ತೊಗರಿಯ ಕಳೆ ತೆಗೆಯೋ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ಹೊಲದ ಬದುವಿನ ಮರದ ಕೆಳಗೆ ಕೂಸುಗಳ ಹತ್ತಿರ ಕೂರೋಕೆ ಇಬ್ಬರು ಬೇಕು. ತಾಂಡಾದ ಒಬ್ಬ ಅಜ್ಜಿ ಬರಲು ಒಪ್ಪಿದ್ದಾಳೆ, ಆದರೆ ಪುಕ್ಕಟೆ ಅಲ್ಲ, ಕೂಲಿ ಕೊಡಬೇಕು ಅಂದಿದ್ದಾಳೆ. ಕೊಡ್ತೀವಿ ಅಂದೆವು. ಎಷ್ಟು ಅಂತ ಇನ್ನೂ ಮಾತುಕತೆ ಮುಗಿದಿಲ್ಲ, ಅಜ್ಜಿ ಚೌಕಾಸಿಯಲ್ಲಿ ಗಟ್ಟಿ ಇದ್ದಾಳೆ.